ಹೆಪ್ಪು ಕಾದ ಏಳು ದಿನ

ಇದುವರೆಗೆ ನಾನು ಎರಡು ದವಡೆ ಹಲ್ಲುಗಳನ್ನು ಕೀಳಿಸಿಕೊಂಡಿದ್ದೇನೆ. ಆರು ವರ್ಷಗಳ ಹಿಂದೆ ಕೀಳಿಸಿದ ಬಲಗಡೆಯ ಹಲ್ಲು ಹತ್ತೇ ನಿಮಿಷದಲ್ಲಿ ಈಚೆ ಬಂದರೂ ಆಮೇಲೆ ಎರಡು ವಾರ ನನ್ನನ್ನು ಗೋಳು ಹೊಯ್ದುಕೊಂಡಿತು. ಈ ವರ್ಷ ಕೀಳಿಸಿದ ಎಡಗಡೆಯ ಬುದ್ಧಿಹಲ್ಲು ಮೂಳೆಯೊಳಗೆ ಅಡ್ಡ ಮಲಗಿತ್ತು. ವಸಡನ್ನು ಕೊಯ್ದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆಯಬೇಕಾಯಿತು. ಆದರೂ ಎಂಟನೆಯ ದಿನ ನಾನು ಮಂಡ್ಯದ ನಮ್ಮ ಪ್ರೌಢಶಾಲೆಯಲ್ಲಿ ಎಂದಿನಂತೆ ವಿಜ್ಞಾನದ ಪಾಠ ಮಾಡುತ್ತಿದ್ದೆ. ಈ ವ್ಯತ್ಯಾಸಕ್ಕೆ ವೈದ್ಯರ ಕೈಗುಣವನ್ನು ಹೊಗಳುವುದೋ ತೆಗಳುವುದೋ ನ್ಯಾಯವಲ್ಲ. ಎರಡು ಸಲವೂ ಹಲ್ಲು ಕಿತ್ತ ಮೊದಲ ಎರಡು ದಿನಗಳಲ್ಲಿ ನಾನು ನಡೆದುಕೊಂಡ ರೀತಿಯೇ ಬಹುಮಟ್ಟಿಗೆ ಇದನ್ನು ತೀರ್ಮಾನಿಸಿತು.

ಆಲೆಮನೆಯ ಊರಿನಲ್ಲಿ ಹುಟ್ಟಿದವನಾದ್ದರಿಂದ ಕಬ್ಬನ್ನು ಹಲ್ಲಿನಲ್ಲೇ ಸಿಗಿದು ತಿನ್ನುವುದು ನನಗೆ ಚಿಕ್ಕಂದಿನ ಅಭ್ಯಾಸ. ಹಾಗೆ ಸಿಗಿಯುವಾಗಲೇ, ಅದಾಗಲೇ ಹುಳುಕಾಗಿದ್ದ ಬಲಗಡೆಯ ಕೆಳ ದವಡೆ ಹಲ್ಲು ಸೀಳಿತು. ಲವಂಗ ಕಚ್ಚಿಕೊಂಡು, ನೋವಿನ ಮಾತ್ರೆ ನುಂಗಿಕೊಂಡು ಮೂರು ತಿಂಗಳು ಕಳೆದೆ. ಕೊನೆಗೆ ವೈದ್ಯರಲ್ಲಿಗೆ ಹೋಗುವ ಹೊತ್ತಿಗೆ ಸೀಳು ವಸಡಿನ ಕೆಳಗೆ ಇಳಿದಿದ್ದರಿಂದ ರೂಟ್ ಕೆನಾಲ್ ಮಾಡಿ ಹಲ್ಲನ್ನು ಉಳಿಸುವ ದಾರಿ ಮುಚ್ಚಿಹೋಗಿತ್ತು. ಕಿತ್ತ ಮೇಲೆ ಅವರು ಕೊಟ್ಟ ಸೂಚನೆಗಳ ಚೀಟಿಯನ್ನು ಓದದೆ ಜೇಬಿಗಿಟ್ಟೆ. ಬಾಯಲ್ಲಿ ರಕ್ತದ ರುಚಿ ಬರುತ್ತಿದ್ದುದು ಅಸಹ್ಯವಾಗಿ, ಸ್ವಚ್ಛವಾಗಿಟ್ಟುಕೊಂಡರೆ ಒಳ್ಳೆಯದೆಂದು ನನ್ನಷ್ಟಕ್ಕೆ ನಾನೇ ತಿಳಿದು, ಅಂದು ಸಂಜೆಯಿಂದಲೇ ಗಂಟೆಗೊಂದು ಸಲ ಉಪ್ಪುನೀರಿನಲ್ಲಿ ಜೋರಾಗಿ ಮುಕ್ಕಳಿಸಿ ಉಗುಳುತ್ತಾ ಕುಳಿತೆ.

ಮೊದಲ ಎರಡು ದಿನ ನೋವು ಇಳಿಯುತ್ತಾ ಬಂದು, ಮೂರನೆಯ ರಾತ್ರಿ ಹಲ್ಲಿದ್ದ ಗುಳಿಯಿಂದ ಕಿವಿಯವರೆಗೆ, ಅಲ್ಲಿಂದ ಕಣತಲೆಯವರೆಗೆ ಸಿಡಿಯತೊಡಗಿತು. ಮಾತ್ರೆಗೆ ಅದು ಜಗ್ಗಲಿಲ್ಲ. ಬೆಳಿಗ್ಗೆ ವೈದ್ಯರು ನೋಡಿ, ಹೆಪ್ಪು ಕಿತ್ತುಹೋಗಿ ಒಳಗಿನ ಮೂಳೆ ಬರಿದಾಗಿದೆ, ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ ಎಂದರು. ಹಲ್ಲು ಕಿತ್ತ ಗುಳಿಯಲ್ಲಿ ತುಂಬುವ ರಕ್ತ ಹೆಪ್ಪುಗಟ್ಟಿ ಮೂಳೆಗೂ ನರದ ತುದಿಗಳಿಗೂ ಮುಚ್ಚಳವಾಗಬೇಕು. ಹೊಸ ಮಾಂಸ ಅದನ್ನೇ ಆಧಾರ ಮಾಡಿಕೊಂಡು ಅಂಚಿನಿಂದ ಬೆಳೆದು ಬರುತ್ತದೆ. ನಾನು ಮುಕ್ಕಳಿಸಿ ಉಗಿದದ್ದು ಆ ಮುಚ್ಚಳವನ್ನು. ಅಮ್ಮನಿಗೆ ಇದನ್ನು ವಿವರಿಸಿದಾಗ, "ಹಾಲಿಗೆ ಹೆಪ್ಪು ಹಾಕ್ಬುಟ್ಟು ಗಡಿಗೆ ಅಲ್ಲಾಡಿಸ್ತಾ ಕೂತ್ರೆ ಮೊಸರಾಯ್ತದೇನಪ್ಪ?" ಎಂದರು. ವೈದ್ಯಕೀಯ ವಿವರಣೆಗಿಂತ ಇದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತು. ಗುಳಿಯನ್ನು ತೊಳೆದು, ಲವಂಗದ ಎಣ್ಣೆಯ ಸಾರವಾದ ಯೂಜಿನಾಲ್ ಸವರಿದ ಬತ್ತಿಯನ್ನು ಒಳಗಿಟ್ಟ ಸ್ವಲ್ಪ ಹೊತ್ತಿಗೆ ನೋವು ತಗ್ಗಿತಾದರೂ, ಅದನ್ನು ಬದಲಿಸಿಕೊಳ್ಳಲು ದಿನ ಬಿಟ್ಟು ದಿನ ನಾಲ್ಕು ಸಲ ಅಲೆದೆ.

ಈ ವರ್ಷದ ಬುದ್ಧಿಹಲ್ಲಿನ ವಿಷಯಕ್ಕೆ ಬಂದಾಗ ಆ ಪಾಠ ನೆನಪಿತ್ತು. ಅರ್ಧ ಹೊರಬಂದ ಹಲ್ಲಿನ ಮೇಲೆ ವಸಡು ಮಡಿಕೆಯಂತೆ ಮುಚ್ಚಿಕೊಂಡು, ಅದರಡಿಯಲ್ಲಿ ಅನ್ನದ ಅಗುಳು ಸೇರಿ, ಬಾವು ಬಂದು ಬಾಯಿ ತೆರೆಯುವುದೇ ಕಷ್ಟವಾಗಿತ್ತು. ಅಂಥ ಬಾವು ಇರುವಾಗ ಕೀಳುವುದು ಬೇಡವೆಂದು ವೈದ್ಯರು ಐದು ದಿನ ಆ್ಯಂಟಿಬಯಾಟಿಕ್ ಕೊಟ್ಟು, ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಕೆಳದವಡೆಯ ಮೂಳೆಯೊಳಗೆ ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ಕೊಡುವ ನರವೊಂದು ಹಾಯುವುದರಿಂದ, ಹಲ್ಲಿನ ಬೇರು ಅದಕ್ಕೆ ಎಷ್ಟು ಹತ್ತಿರದಲ್ಲಿದೆ ಎಂದು ಮೊದಲೇ ನೋಡಬೇಕಂತೆ. ರಕ್ತದೊತ್ತಡ, ಸಕ್ಕರೆ, ನಾನು ತೆಗೆದುಕೊಳ್ಳುವ ಮಾತ್ರೆಗಳು, ಒಗ್ಗದ ಔಷಧಿಗಳು ಎಲ್ಲವನ್ನೂ ಕೇಳಿ ಬರೆದುಕೊಂಡರು. ನಮ್ಮ ಮಾವನವರು ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು. ಹಲ್ಲು ಕೀಳಿಸುವ ಮುಂಚೆ ತಾವೇ ಅದನ್ನು ನಿಲ್ಲಿಸಿಬಿಡುವ ಯೋಚನೆಯಲ್ಲಿದ್ದರು. ಆ ತೀರ್ಮಾನ ಹೃದಯದ ವೈದ್ಯರದೇ ಹೊರತು ನಮ್ಮದಲ್ಲ ಎಂದು ಅವರಿಗೂ ಹೇಳಿಸಿದೆ.

ಎರಡನೆಯ ಶನಿವಾರದ ರಜೆ ಮುಂದಿದ್ದ ಶುಕ್ರವಾರವನ್ನು, ಅದರಲ್ಲೂ ಬೆಳಗಿನ ಹೊತ್ತನ್ನು ಆರಿಸಿಕೊಂಡೆ; ರಕ್ತ ನಿಲ್ಲದಂಥ ತೊಂದರೆಯಾದರೆ ಹಗಲಿನಲ್ಲೇ ವೈದ್ಯರು ಕೈಗೆ ಸಿಗುತ್ತಾರೆ. ಕೆಲವರು ಹೆದರಿಕೆಯಿಂದ ಬರಿಹೊಟ್ಟೆಯಲ್ಲಿ ಹೋಗಿ ಕುರ್ಚಿಯಲ್ಲೇ ತಲೆಸುತ್ತು ಬರಿಸಿಕೊಳ್ಳುತ್ತಾರೆ. ಆ ಭಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದಾದ್ದರಿಂದ ತಿಂದು ಬರಲು ನನಗೆ ಹೇಳಿದ್ದರು. ನಾಲ್ಕು ಇಡ್ಲಿ ತಿಂದು ಹೋದೆ.

ಕುರ್ಚಿಯಲ್ಲಿ ನಡೆದದ್ದರ ಬಗ್ಗೆ ಹೇಳಲು ಹೆಚ್ಚಿಲ್ಲ. ಲಿಗ್ನೊಕೇನ್ ಚುಚ್ಚಿದ ಐದಾರು ನಿಮಿಷಕ್ಕೆ ಕೆಳತುಟಿಯ ಎಡ ಅರ್ಧ ಜೋಮು ಹಿಡಿದು ದಪ್ಪಗಾದಂತಾಯಿತು. ನೋವು ಸಂಪೂರ್ಣ ಹೋದರೂ ಒತ್ತುವುದು, ಅಲುಗಿಸುವುದು, ಹಲ್ಲು ಕೊರೆಯುವ ಸದ್ದು ಎಲ್ಲವೂ ತಿಳಿಯುತ್ತಿರುತ್ತದೆ. ಇದು ಮೊದಲೇ ಗೊತ್ತಿಲ್ಲದವರು ಮದ್ದು ಹತ್ತಿಲ್ಲವೆಂದು ಗಾಬರಿಯಾಗುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿದು ಮೂರು ಹೊಲಿಗೆ ಬಿದ್ದವು. "ಏನೇ ಆದ್ರೂ ಉಗೀಬೇಡಿ ಮೇಷ್ಟ್ರೇ, ನುಂಗ್ಬಿಡಿ" ಎಂದು ಹೇಳಿ ಕಳುಹಿಸಿದರು.

ಗುಳಿಯ ಮೇಲಿಟ್ಟ ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಮಾತಿಲ್ಲದೆ ಕಚ್ಚಿ ಹಿಡಿದಿದ್ದೆ. ರಕ್ತ ನಿಂತಿದೆಯೇ ಎಂದು ನಡುನಡುವೆ ತೆಗೆದು ನೋಡುವ ಚಪಲವನ್ನು ಈ ಸಲ ಗೆದ್ದೆ. ಆಮೇಲೂ ಎಂಜಲು ಕೆಂಪಗೇ ಬರುತ್ತಿತ್ತು. ಒಂದು ಹನಿ ರಕ್ತ ಬಾಯ್ತುಂಬ ಎಂಜಲಿಗೆ ಬಣ್ಣ ಕೊಡಬಲ್ಲದು; ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳು ಬೀಕರಿನ ನೀರನ್ನೆಲ್ಲ ನೇರಳೆ ಮಾಡುವುದನ್ನು ಮಕ್ಕಳಿಗೆ ತೋರಿಸುವ ನಾನು ಇದಕ್ಕೆ ಹೆದರಬಾರದಿತ್ತು, ಆದರೂ ತುಸು ಹೆದರಿದೆ. ಬಾಯಿ ತುಂಬಿ ಹರಿಯುವಷ್ಟು ರಕ್ತ ಬಂದು, ಹೊಸ ಬಟ್ಟೆಯನ್ನು ಅರ್ಧ ಗಂಟೆ ಬಿಗಿಯಾಗಿ ಕಚ್ಚಿದರೂ ನಿಲ್ಲದಿದ್ದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಜೋಮು ಬಿಡುವ ಮುನ್ನವೇ, ಬರೆದುಕೊಟ್ಟ ನೋವಿನ ಮಾತ್ರೆಯನ್ನು ತೆಗೆದುಕೊಂಡೆ. ನೋವು ಏರಿದ ಮೇಲೆ ಇಳಿಸುವುದಕ್ಕಿಂತ ಏರದಂತೆ ತಡೆಯುವುದು ಸುಲಭ. ಮನೆಯಲ್ಲಿದ್ದ ಆಸ್ಪಿರಿನ್ ಮುಟ್ಟಲಿಲ್ಲ, ಅದು ರಕ್ತ ಹೆಪ್ಪುಗಟ್ಟುವುದಕ್ಕೇ ಅಡ್ಡಿ. ಟವೆಲ್ಲಿನಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಕೆನ್ನೆಗಿಟ್ಟು ಹದಿನೈದು ನಿಮಿಷ ಬಿಡುತ್ತಾ ಆ ದಿನವನ್ನು ಕಳೆದು, ರಾತ್ರಿ ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿದೆ. ಪಕ್ಕದ ಮನೆಯವರು ಪ್ರೀತಿಯಿಂದ ಎಳನೀರು ತಂದಾಗ ಅದರಲ್ಲಿದ್ದ ಸ್ಟ್ರಾ ತೆಗೆದಿಟ್ಟು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ, ಏಕೆಂದರೆ ಹೀರುವ ಸೆಳೆತಕ್ಕೂ ಹೆಪ್ಪು ಕಿತ್ತು ಬರಬಹುದು. ಬೀಡಿ, ಸಿಗರೇಟು ಸೇದುವವರಿಗೆ ಹೊಗೆಯೂ ಹೀರುವಿಕೆಯೂ ಎರಡೂ ಸೇರಿ ಡ್ರೈ ಸಾಕೆಟ್ಟಿನ ಅಪಾಯ ಹೆಚ್ಚು. ಹೊಗೆಸೊಪ್ಪು ಬೆರೆತ ಎಲೆಅಡಿಕೆಯೂ ಗಾಯ ಮಾಯುವವರೆಗೆ ಸಲ್ಲದು.

ಊಟದ ವಿಷಯದಲ್ಲಿ ನಮ್ಮ ಮಂಡ್ಯದವರಷ್ಟು ಪುಣ್ಯವಂತರು ಇನ್ನೊಬ್ಬರಿಲ್ಲ ಎಂದು ನನಗೆ ಆಗ ಅನ್ನಿಸಿತು. ರಾಗಿಮುದ್ದೆಯನ್ನು ಅಗಿಯುವವನನ್ನು ನಮ್ಮ ಕಡೆ ನೋಡಿ ನಗುತ್ತಾರೆ. ನುಂಗಲೆಂದೇ ಮಾಡಿದ ಊಟ ಅದು. ಮೊದಲ ದಿನ ತಣ್ಣನೆಯ ಅಂಬಲಿ ಮತ್ತು ಕಿವುಚಿದ ಮೊಸರನ್ನ. ಎರಡನೆಯ ದಿನದಿಂದ ಉಗುರುಬೆಚ್ಚಗೆ ಆರಿದ ಮೆತ್ತನೆಯ ಮುದ್ದೆಯನ್ನು ಗೋಲಿಯಷ್ಟು ಮುರಿದು, ಖಾರ ತಗ್ಗಿಸಿದ ಬಸ್ಸಾರಿನಲ್ಲಿ ಅದ್ದಿ, ಬಲಗಡೆಯಿಂದ ಇಳಿಸಿದೆ. ಅನ್ನದ ಅಗುಳಿನಂತೆ ಅದು ಗುಳಿಯಲ್ಲಿ ಸಿಕ್ಕಿಕೊಳ್ಳಲಿಲ್ಲ. ಮದ್ದೂರು ವಡೆಗೆ ಮೂರು ವಾರ ಕಾದೆ.

ಉಪ್ಪುನೀರನ್ನು ಬಾಯಿಗೆ ತಂದದ್ದು ಪೂರ್ತಿ 24 ಗಂಟೆ ಕಳೆದ ಮೇಲೆ. ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ತುಂಬಿಕೊಂಡು ತಲೆಯನ್ನಷ್ಟೇ ಆ ಕಡೆ ಈ ಕಡೆ ವಾಲಿಸಿ, ಬಚ್ಚಲಿನ ಮೇಲೆ ಬಾಯಿ ತೆರೆದು ನೀರು ತಾನಾಗಿ ಬೀಳುವಂತೆ ಬಿಡುತ್ತಿದ್ದೆ.

ಮೂರನೆಯ ದಿನ ಕೆನ್ನೆ ಬನ್ನಿನಂತೆ ಊದಿತು. ಊತ ಎರಡು ಮೂರನೆಯ ದಿನಕ್ಕೆ ಹೆಚ್ಚಾಗಿ ಆಮೇಲೆ ಇಳಿಯುವುದು ಸಹಜವೆಂದು ಮೊದಲೇ ಹೇಳಿದ್ದರಿಂದ ಮಂಜುಗಡ್ಡೆ ಬಿಟ್ಟು ಬಿಸಿ ಶಾಖಕ್ಕೆ ಬದಲಾಯಿಸಿದೆ. ಇಳಿಯಬೇಕಾದ ಊತ ಆಮೇಲೂ ಏರಿದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ಅದು ಬೇರೆಯ ಮಾತು. ನಾಲ್ಕನೆಯ ದಿನ ಟಾರ್ಚು ಹಿಡಿದು ಕನ್ನಡಿಯಲ್ಲಿ ನೋಡಿದಾಗ ಹೊಲಿಗೆಯ ನಡುವೆ ಬಿಳಿ ಹಳದಿ ಪೊರೆ ಕಂಡು ಕೀವೆಂದು ಗಾಬರಿಯಾಗಿ ವೈದ್ಯರಿಗೆ ಫೋನ್ ಮಾಡಿದೆ. ನೋವು ಏರದೆ, ದುರ್ವಾಸನೆ ಇಲ್ಲದೆ ಇದ್ದರೆ ಅದು ಮಾಯುತ್ತಿರುವ ಪೊರೆ, ಕೆರೆಯಬೇಡಿ ಎಂದರು. ಅದೇ ಸಂಜೆ ನೋಡಲು ಬಂದ ಚಿಕ್ಕಪ್ಪ, ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆಂದು ಮರುಗಿದರು. ನೋಟದ ನರವೇ ಬೇರೆ, ಹಲ್ಲಿನ ನರವೇ ಬೇರೆ ಎಂದು ಅರೆತೆರೆದ ಬಾಯಲ್ಲಿ ಪಾಠ ಮಾಡಲು ಹೋಗಿ ಸುಮ್ಮನಾದೆ.

ಏಳನೆಯ ದಿನ ಹೊಲಿಗೆ ಬಿಚ್ಚಿದರು. ಎರಡು ಬೆರಳಷ್ಟೇ ತೆರೆಯುತ್ತಿದ್ದ ಬಾಯಿ, ದಿನಕ್ಕೆ ನಾಲ್ಕೈದು ಸಲ ನಿಧಾನವಾಗಿ ತೆರೆದು ಮುಚ್ಚಿ ಅಭ್ಯಾಸ ಮಾಡಿದ ಮೇಲೆ ಎರಡನೆಯ ವಾರದಲ್ಲಿ ಮೂರು ಬೆರಳಿಗೆ ಬಂತು. ಒಂದು ತಿಂಗಳ ಹೊತ್ತಿಗೆ ವಸಡು ಮುಚ್ಚಿಕೊಂಡಿತು. ಒಳಗಿನ ಮೂಳೆ ತುಂಬಲು ಇನ್ನೂ ಹಲವು ತಿಂಗಳು ಬೇಕಂತೆ.

ಬುದ್ಧಿಹಲ್ಲಿನ ಜಾಗಕ್ಕೆ ಬೇರೆ ಹಲ್ಲು ಕಟ್ಟಿಸುವ ಅಗತ್ಯವಿಲ್ಲ. ಆದರೆ ಅದೇ ಎಕ್ಸ್‌ರೇಯಲ್ಲಿ ನನ್ನ ಹಳೆಯ ಅಸಡ್ಡೆಯೂ ಕಾಣಿಸಿತು: ಆರು ವರ್ಷ ಖಾಲಿ ಬಿಟ್ಟ ಬಲಗಡೆಯ ಜಾಗಕ್ಕೆ ಹಿಂದಿನ ಹಲ್ಲು ವಾಲಿಕೊಂಡು, ಮೇಲಿನ ಹಲ್ಲು ಕೆಳಗೆ ಜಾರಿದೆ. ಆಗಲೇ ಕಟ್ಟಿಸಿದ್ದರೆ ಕಡಿಮೆ ಕೆಲಸವಿತ್ತು, ಈಗ ಮೊದಲು ಆ ಎರಡು ಹಲ್ಲುಗಳನ್ನು ಸರಿಪಡಿಸಬೇಕು ಎಂದು ವೈದ್ಯರು ಹೇಳಿದ್ದಾರೆ. ದಸರಾ ರಜೆಯ ಮೊದಲ ಸೋಮವಾರಕ್ಕೆ ಸಮಯ ತೆಗೆದುಕೊಂಡಿದ್ದೇನೆ.