ಗಿಟಾರ್ ಬಾರಿಸುವಾಗ ನಾನೇನು ಮಾಡಲಿ?

ಕರೋಕೆಯಲ್ಲಿ, ಅಂದ್ರೆ ಹಾಡಿನ ಬರೀ ಸಂಗೀತದ ಟ್ರ್ಯಾಕ್ ಹಾಕಿಕೊಂಡು ನಾವೇ ಹಾಡುವ ಆಟದಲ್ಲಿ, ನಾನು ಮೊದಲು ಹಾಡಿದ್ದು 'ಹೋಟೆಲ್ ಕ್ಯಾಲಿಫೋರ್ನಿಯಾ'. ಆಫೀಸಿನ ಟೀಮ್ ಔಟಿಂಗ್, ಕೋರಮಂಗಲದ ಒಂದು ಪಬ್. ಆ ಹಾಡಿನ ಬ್ಯಾಂಡ್ ಈಗಲ್ಸ್ ಅಂದ್ರೆ ನನಗೆ ಕಾಲೇಜಿನಿಂದಲೂ ಪ್ರಾಣ. ಸಾಹಿತ್ಯ ಪೂರ್ತಿ ಬಾಯಿಪಾಠ. ಆದರೆ ಎರಡನೇ ಚರಣಕ್ಕೇ ಗಂಟಲು ಕೈಕೊಟ್ಟಿತು. ಅದು ಹೋಗಲಿ, ನಾನು ಹಾಡಿ ಮುಗಿಸಿದ ಮೇಲೂ ಟ್ರ್ಯಾಕ್ ಮುಗಿಯಲಿಲ್ಲ. ಕೊನೆಗೆ ಸುಮಾರು ಎರಡು ನಿಮಿಷ ಬರೀ ಗಿಟಾರ್. ಮೈಕ್ ಹಿಡಿದುಕೊಂಡು ಸುಮ್ನೆ ನಿಂತೆ. ಒಬ್ಬೊಬ್ಬರೇ ಫೋನ್ ತೆಗೆದರು. ಮ್ಯಾನೇಜರ್ ಮಾತ್ರ, ಪಾಪ, ತಲೆಯಾಡಿಸುತ್ತಾ ಕೂತಿದ್ದರು.

ಕೇಳೋಕೆ ಇಷ್ಟವಾಗುವ ಹಾಡೇ ಬೇರೆ, ನನ್ನ ಗಂಟಲಿಗೆ ಹೊಂದುವ ಹಾಡೇ ಬೇರೆ ಅಂತ ಅವತ್ತು ಗೊತ್ತಾಯಿತು. ಆಮೇಲೆ ಬ್ಯಾಂಡುಗಳಲ್ಲಿ ದನಿ ಅಷ್ಟಾಗಿ ಏರದವರು ಯಾರಿದ್ದಾರೆ ಅಂತ ಹುಡುಕತೊಡಗಿದೆ. ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್ ಸಿಕ್ಕಿದರು. 1967ರ 'ವಿತ್ ಎ ಲಿಟಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್' ಹಾಡನ್ನು ಅದೇ ಬ್ಯಾಂಡಿನ ಲೆನನ್, ಮೆಕಾರ್ಟ್ನಿ ಬರೆದದ್ದೇ ಅವರ ಗಂಟಲಿಗಾಗಿ. ಹೆಚ್ಚುಕಡಿಮೆ ಐದೇ ಸ್ವರಗಳಲ್ಲಿ ಓಡಾಡುತ್ತದೆ. ರಿಂಗೋ ಹಾಡುತ್ತಿದ್ದರೆ ಉಳಿದವರು ನಡುನಡುವೆ ಪ್ರಶ್ನೆ ಕೇಳುತ್ತಾರೆ. ಈ ಪ್ರಶ್ನೆಗಳನ್ನು ಟೀಮಿನವರಿಗೆ ಬಿಟ್ಟರೆ ಫೋನ್ ತೆಗೆಯೋಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಕಡೆಯ ಸ್ವರ ಮಾತ್ರ ತಾರಕಕ್ಕೆ ಹೋಗುತ್ತದೆ. ಅಲ್ಲಿ ನಾನು ಮೈಕನ್ನೇ ಅವರ ಕಡೆ ತಿರುಗಿಸುತ್ತೇನೆ!

ಬೀಟಲ್ಸ್‌ನದೇ 1968ರ 'ಹೇ ಜೂಡ್' ಕೂಡ ಹೀಗೇ ನಡೆಯುತ್ತದೆ. ಏಳು ನಿಮಿಷದ ಹಾಡಿನಲ್ಲಿ ಕೊನೆಯ ನಾಲ್ಕು ನಿಮಿಷ ಬರೀ 'ನಾ ನಾ ನಾ'. ಮೊದಲ ಭಾಗ ನನಗೆ ಎತ್ತರ. ಕರೋಕೆ ಆಪ್‌ನಲ್ಲಿ ಸ್ಕೇಲ್, ಅಂದ್ರೆ ಹಾಡಿನ ಶ್ರುತಿ, ಎರಡು ಮನೆ ಇಳಿಸಿಕೊಂಡೆ. ಸ್ಕೇಲ್ ಇಳಿಸೋಕೆ ನಾಚಿಕೆ ಪಡುವವರನ್ನು ನೋಡಿದ್ದೇನೆ. ಕಿರುಚುವುದಕ್ಕಿಂತ ಅದು ವಾಸಿ, ಅಲ್ವಾ?

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಈ ಲೆಕ್ಕ ನಡೆಯಲಿಲ್ಲ. ಮುಂದಿನ ಸಾಲಿನಲ್ಲಿ ಮಕ್ಕಳು, ಹಿಂದೆ ಅಜ್ಜ ಅಜ್ಜಿಯರು. ಮಕ್ಕಳಿಗೆ ಕ್ವೀನ್ ಬ್ಯಾಂಡಿನ 'ವಿ ವಿಲ್ ರಾಕ್ ಯೂ' ಹಿಡಿದೆ. ಎರಡು ಸಲ ನೆಲ ತುಳಿ, ಒಂದು ಚಪ್ಪಾಳೆ ತಟ್ಟು. ಚರಣವನ್ನು ಮಾತಿನ ಹಾಗೆ ಹೇಳಿದರೂ ಸಾಗುತ್ತದೆ. ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಮಾರನೇ ದಿನ ಮೇಲಿನ ಮನೆಯ ಹುಡುಗ ನೆಲ ತುಳಿಯುವುದು ನಿಲ್ಲಿಸಿರಲಿಲ್ಲ, ಆ ಮಾತು ಬೇರೆ.

ಹಿರಿಯರು ಮಾತ್ರ ಮುಖ ಗಂಟಿಕ್ಕಿದ್ದರು. ಅವರಿಗೂ ಮಕ್ಕಳಿಗೂ ಸೇರುವ ಬ್ಯಾಂಡ್ ಹಾಡು ಯಾವುದು ಅಂತ ತುಂಬಾ ತಲೆ ಕೆರೆದುಕೊಂಡೆ. ಕೊನೆಗೆ ಷರೀಫಜ್ಜನೇ ಗತಿ. ಅಜ್ಜಿಯರು ಷರೀಫರ ಪದಗಳನ್ನು ಸಿ. ಅಶ್ವತ್ಥ್ ದನಿಯಲ್ಲಿ ಕೇಳಿದವರು, ಹುಡುಗರು ರಘು ದೀಕ್ಷಿತ್ ಪ್ರಾಜೆಕ್ಟ್ ಬ್ಯಾಂಡಿನಿಂದ ಕಲಿತವರು. ಮುಂದಿನ ವರ್ಷ 'ಲೋಕದ ಕಾಳಜಿ' ಎತ್ತಿಕೊಂಡೆ. ಪಲ್ಲವಿ ಬಂದಾಗಲೆಲ್ಲ ಹಿಂದಿನ ಸಾಲು 'ಮಾಡಪ್ಪ ಚಿಂತಿ' ಅಂತ ನನಗಿಂತ ಮೊದಲೇ ಹೇಳುತ್ತಿತ್ತು. ನನ್ನ ಬೆಂಗಳೂರಿನ ನಾಲಿಗೆ 'ಮಾಡತೀನಂತಿ'ಯಲ್ಲಿ ಎರಡು ಸಲ ತೊಡರಿತು. ಇಳಿದು ಬಂದ ಕೂಡಲೇ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಕೈ ಹಿಡಿದು ಕೂರಿಸಿಕೊಂಡರು.

"ಚಲೋ ಹಾಡಿದಿಪಾ. ಆದ್ರ ಹಂಗ ಬಿಡಿಸಿ ಬಿಡಿಸಿ ಅನಬ್ಯಾಡ. ಎಲ್ಲಿ, ಇನ್ನೊಮ್ಮೆ ಅನ್ನು ನೋಡೋಣ."