ಹಳೆ ಟವರ್, ಹೊಸ ತಂತಿ: 110 ಕೆ.ವಿ. ಲೈನಿನಲ್ಲಿ ಎರಡು ಪಟ್ಟು ಕರೆಂಟ್ ಸಾಗಿಸಿದ ಅನುಭವ

"ಈ ಟವರ್ ಮೇಲೆ 800 ಆಂಪಿಯರಾ? ತಂತಿ ಬಿಸಿಯಾಗಿ ಹಿಗ್ಗಿ ನೆಲಕ್ಕೆ ತಾಗುತ್ತೆ ಬಿಡಿ." ಮೊದಲ ಮೀಟಿಂಗಿನಲ್ಲಿ ನನಗೆ ಸಿಕ್ಕ ಉತ್ತರ ಇದು. ಹೊಸ ತಂತಿಯಲ್ಲಿ ಕರೆಂಟ್ ಹರಿಯತೊಡಗಿ ಈಗ ಎರಡು ಬೇಸಿಗೆ ಕಳೆದಿವೆ. ಹಾಗೆ ಹೇಳಿದವರೇ ಮೊನ್ನೆ ಫೋನ್ ಮಾಡಿ ನಮ್ಮ ಸ್ಯಾಗ್ ಚಾರ್ಟ್ (ಯಾವ ಬಿಸಿಗೆ ತಂತಿ ಎಷ್ಟು ಜೋತು ಬೀಳುತ್ತೆ ಅನ್ನುವ ಪಟ್ಟಿ) ಕೇಳಿದರು. ಕೊಟ್ಟೆ, ಸ್ವಲ್ಪ ಸತಾಯಿಸಿಯೇ ಕೊಟ್ಟೆ.

ಲೈನ್ ಸುಮಾರು 40 ಕಿ.ಮೀ., ಡಬಲ್ ಸರ್ಕ್ಯೂಟ್, ಅಂದರೆ ಒಂದೇ ಟವರಿನ ಮೇಲೆ ಎರಡು ಲೈನ್. ತಂತಿ ಪ್ಯಾಂಥರ್, ಒಳಗೆ ಸ್ಟೀಲ್, ಮೇಲೆ ಅಲ್ಯುಮಿನಿಯಂ. ಕೊನೆಯಲ್ಲಿರುವ ಕಾರ್ಖಾನೆಗಳು ಕಲ್ಲಿದ್ದಲು ಬಿಟ್ಟು ಆರ್ಕ್ ಫರ್ನೇಸ್, ಕರೆಂಟ್ ಬಾಯ್ಲರ್ ಕಡೆ ಹೊರಟಿದ್ದವು. 70 ಎಂ.ವಿ.ಎ. ಇದ್ದ ಲೋಡ್ 150ಕ್ಕೆ ಏರಬೇಕು. ಒಂದು ಸರ್ಕ್ಯೂಟ್ ಟ್ರಿಪ್ ಆದರೆ ಇನ್ನೊಂದು ಅಷ್ಟನ್ನೂ ಹೊರಬೇಕು, ಅಂದರೆ ಹತ್ತಿರ ಹತ್ತಿರ 800 ಆಂಪಿಯರ್. ಪ್ಯಾಂಥರ್ 400ರ ಆಸುಪಾಸಿನಲ್ಲೇ ಸುಸ್ತು. ಹೊಸ 220 ಕೆ.ವಿ. ಲೈನ್ ಎಳೆಯೋಣ ಅಂದರೆ ಜಾಗದ ತಕರಾರು ಮುಗಿಯುವ ಹೊತ್ತಿಗೆ ಫರ್ನೇಸ್ ತುಕ್ಕು ಹಿಡಿದಿರುತ್ತೆ.

ಹಾಗಾಗಿ ಟವರ್ ಮುಟ್ಟದೆ ತಂತಿ ಮಾತ್ರ ಬದಲಿಸುವುದು ಅಂತ ಹಟ ಹಿಡಿದೆ. ಕಾರ್ಬನ್ ಕೋರ್, ಮೇಲೆ ಮೆತ್ತನೆ ಅಲ್ಯುಮಿನಿಯಂ. ದಪ್ಪ, ತೂಕ ಹೆಚ್ಚುಕಡಿಮೆ ಪ್ಯಾಂಥರಿನಷ್ಟೇ, ಅಲ್ಯುಮಿನಿಯಂ ಮಾತ್ರ ಅರ್ಧದಷ್ಟು ಜಾಸ್ತಿ. ಬಿಸಿಗೆ ಕೋರ್ ಹಿಗ್ಗುವುದು ಸ್ಟೀಲಿನ ಏಳನೇ ಒಂದು ಭಾಗದಷ್ಟು. ಹಾಗಾಗಿ ಜಾಸ್ತಿ ಕರೆಂಟಿಗೆ ಬಿಸಿಯಾದರೂ ತಂತಿ ಅಷ್ಟಾಗಿ ಜೋತು ಬೀಳಲ್ಲ. ಮೂಲೆ ಟವರುಗಳಲ್ಲಿ ನಾಲ್ಕೈದಕ್ಕೆ ಆಂಗಲ್ ಬಡಿದು ಗಟ್ಟಿ ಮಾಡಿದೆವು, ಅಷ್ಟೇ.

ಎಳೆಯುವಾಗ ಮೊದಲ ಪೆಟ್ಟು ಬಿತ್ತು. ಹಳೆ ತಂತಿಯನ್ನೇ ಹಗ್ಗದ ಹಾಗೆ ಬಳಸಿ ಹೊಸದನ್ನು ಎಳೆಯೋಣ, ಪೈಲಟ್ ಹಗ್ಗದ ಖರ್ಚು ಉಳಿಯುತ್ತೆ ಅಂದುಕೊಂಡೆ. ಎರಡನೇ ದಿನ ಹಳೆ ಮಿಡ್‌ಸ್ಪ್ಯಾನ್ ಜಾಯಿಂಟ್ (ಟವರುಗಳ ನಡುವೆ ತಂತಿ ಸೇರಿಸಿದ ಜಾಗ) ಒಂದು ರೋಲರಿಗೆ ಸಿಕ್ಕಿ ಕಿತ್ತುಬಂತು. ಒಳಗೆಲ್ಲ ತುಕ್ಕು. ಕೆಳಗೆ ಯಾರೂ ಇರಲಿಲ್ಲ, ಬದುಕಿದೆವು. ಆಮೇಲೆ ಪ್ರತಿ ಜಾಯಿಂಟನ್ನೂ ಮೊದಲೇ ಇಳಿಸಿ ಕತ್ತರಿಸಿ, ಬೇರೆ ಥರ ಗಂಟು ಹಾಕಿ ಎಳೆದೆವು. ಆ ಗಂಟು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ, ಅದಕ್ಕೆ ನಮ್ಮ ಗ್ಯಾಂಗ್ ಮೂರು ವಾರ ಬೆವರು ಸುರಿಸಿದೆ.

ಎರಡನೆಯದು ದುಬಾರಿ ಪೆಟ್ಟು. ಹಳೆ ಅಭ್ಯಾಸದಲ್ಲಿ ಹುಡುಗರು ತಂತಿಯ ತುದಿಯನ್ನು ಗಟ್ಟಿಯಾಗಿ ಬಗ್ಗಿಸಿ ಕಟ್ಟಿದ್ದರು. ಹೊರಗೆ ಏನೂ ಕಾಣಲಿಲ್ಲ. ಡೆಡ್ ಎಂಡ್ (ತಂತಿಯ ತುದಿಯನ್ನು ಟವರಿಗೆ ಹಿಡಿದಿಡುವ ಬಿಡಿಭಾಗ) ಹಾಕಲು ಕತ್ತರಿಸಿದಾಗ ಒಳಗಿನ ಕೋರ್ ಸೀಳಿತ್ತು. ಎಲ್ಲಿಯವರೆಗೆ ಸೀಳಿದೆ ಅಂತ ಹೇಳೋದು ಹೇಗೆ? ಅನುಮಾನ ಬಂದ 300 ಮೀಟರ್‌ನಷ್ಟು ಬಿಸಾಡಿದೆವು. ಪ್ಯಾಂಥರಿನ ಮೂರು ಪಟ್ಟು ಬೆಲೆಯ ತಂತಿ ಅದು, ರಾತ್ರಿ ನಿದ್ದೆ ಬರಲಿಲ್ಲ. ಸಣ್ಣ ರೋಲರಿನ ಮೇಲೂ ತಂತಿ ಹಾಗೇ ಗಟ್ಟಿಯಾಗಿ ಬಗ್ಗುತ್ತೆ ಅಂತ ಮಾರನೇ ದಿನವೇ ಅವನ್ನೆಲ್ಲ ವಾಪಸ್ ಕಳಿಸಿ, ಒಳಗೆ ರಬ್ಬರ್ ಇರುವ ದೊಡ್ಡವನ್ನು ತರಿಸಿದೆ.

ಕೆಲಸ ನಡೆಯುವಾಗ ಪಕ್ಕದ ಸರ್ಕ್ಯೂಟ್ ಚಾಲೂ ಇತ್ತು. ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಸಿಕ್ಕಿದ್ದರೂ ತಂತಿಯಲ್ಲಿ ಇಂಡಕ್ಷನ್, ಅಂದರೆ ಪಕ್ಕದ ಲೈನಿನಿಂದ ಹುಟ್ಟುವ ವೋಲ್ಟೇಜ್, ಇದ್ದೇ ಇರುತ್ತೆ. ಎರಡೂ ತುದಿಗೆ ಅರ್ಥಿಂಗ್, ಕೆಲಸದ ಜಾಗದಲ್ಲಿ ಇನ್ನೊಂದು. ಇದರಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವವನಲ್ಲ.

ಆ ಚಾಲೂ ಸರ್ಕ್ಯೂಟೋ ಅಂಚಿನಲ್ಲೇ ಓಡುತ್ತಿತ್ತು. ಅದಕ್ಕೇ ಸುಮ್ನೆ ಒಂದು ಪ್ರಯೋಗ ಮಾಡಿದೆ. ಐದು ಟವರಿಗೆ ಗಾಳಿ, ಬಿಸಿ ಅಳೆಯುವ ಡಬ್ಬಿ ಕಟ್ಟಿದೆ. ಪುಸ್ತಕದ ರೇಟಿಂಗ್ ಸೆಕೆಂಡಿಗೆ 0.6 ಮೀಟರ್ ಗಾಳಿ ಅಂತ ಲೆಕ್ಕ ಹಿಡಿಯುತ್ತೆ, ಅಲ್ವಾ? ಗಾಳಿ ಜಾಸ್ತಿ ಇದ್ದರೆ ತಂತಿ ತಣ್ಣಗಿರುತ್ತೆ, ಹಾಗಾಗಿ ಗಾಳಿ ಬೀಸುವ ಮಧ್ಯಾಹ್ನ ಕಾಲು ಭಾಗ ಜಾಸ್ತಿ ಕಳಿಸಬಹುದಿತ್ತು. ಖುಷಿಯಾಯಿತು. ಆದರೆ ಎರಡು ಗುಡ್ಡಗಳ ನಡುವಿನ ಒಂದು ಸ್ಪ್ಯಾನಿನಲ್ಲಿ (ಎರಡು ಟವರ್ ನಡುವಿನ ಅಂತರ) ಸಂಜೆ ಎಲೆ ಕೂಡ ಅಲ್ಲಾಡಲ್ಲ. ಅಲ್ಲಿ ಪುಸ್ತಕದ ಅಂಕಿಯೇ ಜಾಸ್ತಿ! ಇಡೀ 40 ಕಿ.ಮೀ. ಆ ಒಂದು ಸ್ಪ್ಯಾನಿನ ಮಾತು ಕೇಳಬೇಕಾಯಿತು. ಸಂಜೆ ಹೊತ್ತು ಬಾಯ್ಲರ್ ಇಳಿಸಿ ಅಂತ ಕಾರ್ಖಾನೆಯವರನ್ನು ಒಪ್ಪಿಸಿದ್ದು ಬೇರೆಯೇ ಕಥೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನೆನಪಿನಿಂದ ಹೇಳುವುದಾದರೆ, ಹೊಸ ಲೈನಿನ ಅಂದಾಜಿನ ಐದರಲ್ಲಿ ಎರಡು ಪಾಲಿಗೆ ಮುಗಿಯಿತು. ಇನ್ನೂ ಕಡಿಮೆ ಆಗಬೇಕಿತ್ತು, ತಪ್ಪು ನನ್ನದೇ. ತಂತಿಯ ಗುಂಗಿನಲ್ಲಿ ಲೈನ್ ತುದಿಯ ಸಬ್ ಸ್ಟೇಷನ್ ಯಾರ್ಡ್ ಮರೆತಿದ್ದೆ. ಕರೆಂಟ್ ಅಳೆಯುವ ಸಿಟಿ 400 ಆಂಪಿಯರಿನದ್ದು, ಲೈನ್ ಬಿಡಿಸುವ ಐಸೊಲೇಟರ್ 600ರದ್ದು, ಜೋಡಣೆ ತಂತಿ ಜಂಪರ್ ಹಳೆಯದು, ಲೈನಿನ ಮೇಲೆ ಸಾಗುವ ಸಂದೇಶದ ಸಿಗ್ನಲ್ ತಡೆಯುವ ವೇವ್ ಟ್ರ್ಯಾಪ್ ಸಣ್ಣದು. ಹತ್ತರಲ್ಲಿ ಒಂದು ಪಾಲು ಅಂತ ಬರೆದುಕೊಂಡಿದ್ದ ಯಾರ್ಡ್ ಖರ್ಚು ಕಾಲು ಭಾಗಕ್ಕೆ ಏರಿತು.

ಅದರ ಮೇಲೆ ವೋಲ್ಟೇಜ್. ತಂತಿ ಬದಲಾದರೂ ಲೈನಿನ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಲೈನ್ ಒಡ್ಡುವ ಒಂದು ಬಗೆಯ ತಡೆ) ಹೆಚ್ಚೇನೂ ಬದಲಾಗಲ್ಲ. ಒಂದೇ ಸರ್ಕ್ಯೂಟಿನಲ್ಲಿ ಕರೆಂಟ್ 400ರಿಂದ 800 ಆದಾಗ ಲೈನ್ ನುಂಗುವ ಮೆಗಾವಾರ್ (ಕೆಲಸ ಮಾಡದೆ ವೋಲ್ಟೇಜ್ ಇಳಿಸುವ ರಿಯಾಕ್ಟಿವ್ ಪವರಿನ ಅಳತೆ) 8ರಿಂದ 31ಕ್ಕೆ ಹಾರಿತು. ಅದನ್ನು ತುಂಬಿಕೊಡಲು ಕೆಪಾಸಿಟರ್ ಬ್ಯಾಂಕ್ ಹಾಕಿದೆವು, ಹಾರ್ಮೋನಿಕ್ಸ್ (50 ಹರ್ಟ್ಸಿನ ಪಟ್ಟುಗಳಲ್ಲಿ ಬರುವ ಬೇಡದ ಕರೆಂಟ್) ತಡೆಯಲು ಜೊತೆಗೆ ರೂಢಿಯಂತೆ ಶೇ. 6ರ ರಿಯಾಕ್ಟರ್. ಒಂದು ವಾರದಲ್ಲೇ ರಿಯಾಕ್ಟರ್ ಕಮಟು ವಾಸನೆ ಹೊಡೆಯಿತು. ಐದನೇ ಹಾರ್ಮೋನಿಕ್ಸಿಗೆ ಅದು ಸರಿ. ಆದರೆ ಕೆಪಾಸಿಟರ್ ಜೊತೆ ಸೇರಿ ಅದರ ಟ್ಯೂನಿಂಗ್ (ಕರೆಂಟನ್ನು ಸುಲಭವಾಗಿ ಒಳಗೆಳೆಯುವ ಜಾಗ) ಬೀಳುವುದು 4.08ರಲ್ಲಿ. ಆರ್ಕ್ ಫರ್ನೇಸ್ ಗುಜರಿ ಕರಗಿಸುವಾಗ ನಾಲ್ಕನೆಯದನ್ನೂ ಉಗುಳುತ್ತೆ, ಮೂರನೆಯದನ್ನೂ ಉಗುಳುತ್ತೆ. ನಾಲ್ಕನೆಯದೆಲ್ಲ ನೇರ ನಮ್ಮ ಬ್ಯಾಂಕಿಗೇ ಬಂತು. ಶೇ. 14ರದ್ದು ತರಿಸಿ ಹಾಕಿದ ಮೇಲೆ ತಣ್ಣಗಾಯಿತು. ಅದಕ್ಕೆ ತಕ್ಕ ಹಾಗೆ ಹೆಚ್ಚು ವೋಲ್ಟೇಜಿನ ಕೆಪಾಸಿಟರ್ ಕೂಡ ಬೇಕಾಯಿತು. ಮತ್ತೆ ದುಡ್ಡು.

ಕಳೆದ ತಿಂಗಳು ರಾತ್ರಿ ಒಂದು ಸರ್ಕ್ಯೂಟ್ ಟ್ರಿಪ್ ಆಯಿತು. ಇನ್ನೊಂದು 760 ಆಂಪಿಯರ್ ಹೊತ್ತು ಮುಕ್ಕಾಲು ಗಂಟೆ ನಿಂತಿತು, ಫರ್ನೇಸ್ ನಿಲ್ಲಲಿಲ್ಲ. ನಾನು ಥರ್ಮಲ್ ಕ್ಯಾಮೆರಾ ಹಿಡಿದು ಓಡಿದೆ. ಹೊಸ ತಂತಿ ಆರಾಮಾಗಿತ್ತು. ಯಾರ್ಡಿನ ಮೂಲೆಯಲ್ಲಿ ನಾವು ಬದಲಿಸದೆ ಬಿಟ್ಟಿದ್ದ ಒಂದು ಹಳೆ ಕ್ಲ್ಯಾಂಪ್ ಮಾತ್ರ ಕೆಂಡದ ಹಾಗೆ ಹೊಳೆಯುತ್ತಿತ್ತು.