ಎಲ್‌ಸ್ಯಾಟ್ ತರ್ಕದ ಪ್ರಶ್ನೆಗಳಿಗೆ ಬಾಣ ಹಾಕುವುದು: ನನ್ನ ಅನುಭವ

ಅಮೆರಿಕ, ಕೆನಡಾದ ಕಾನೂನು ಕಾಲೇಜುಗಳಿಗೆ ಸೇರಲು ಬರೆಯುವ ಎಲ್‌ಸ್ಯಾಟ್‌ನಿಂದ 2024ರ ಆಗಸ್ಟ್‌ನಲ್ಲಿ ಲಾಜಿಕ್ ಗೇಮ್ಸ್ (ನಿಯಮ ಕೊಟ್ಟು ಬಿಡಿಸಲು ಹೇಳುವ ಒಗಟುಗಳ ವಿಭಾಗ) ತೆಗೆದುಹಾಕಿದರು. ಹಾಗೆಂದು ‘ಇದಾದರೆ ಅದು’ ಎಂಬಂಥ ಷರತ್ತಿಗೆ ಹಾಕುವ ಬಾಣದ ಗುರುತು (→) ಕಲಿಯುವುದನ್ನು ಬಿಡಬೇಡಿ. ಈಗ ಅಂಕಕ್ಕೆ ಸೇರುವ ಮೂರು ವಿಭಾಗಗಳಲ್ಲಿ ಎರಡು ಲಾಜಿಕಲ್ ರೀಸನಿಂಗ್ (ಸಣ್ಣ ವಾದ ಕೊಟ್ಟು ಅದರ ತರ್ಕದ ಬಗ್ಗೆ ಕೇಳುವ ಪ್ರಶ್ನೆಗಳು), ತಲಾ 35 ನಿಮಿಷ; ಇಂಥ ಷರತ್ತುಗಳು ಅಲ್ಲೂ ಬರುತ್ತವೆ.

ಬಾಣದ ಎಡಕ್ಕೆ ‘ಸಾಕು’ (ಇದಿದ್ದರೆ ಬಲಗಡೆಯದು ಖಂಡಿತ), ಬಲಕ್ಕೆ ‘ಬೇಕು’ (ಇದಿಲ್ಲದೆ ಎಡಗಡೆಯದಿಲ್ಲ) ಎಂದು ನಾನು ಗುರುತಿಟ್ಟುಕೊಳ್ಳುತ್ತೇನೆ. ಇಫ್, ಆಲ್, ವೆನ್‌ಎವರ್ ಇವುಗಳ ಬೆನ್ನಿಗೆ ಬರುವುದು ಎಡಕ್ಕೆ. ಓನ್ಲಿ ಇಫ್, ರಿಕ್ವೈರ್ಸ್ ಇವುಗಳ ನಂತರದ್ದು ಬಲಕ್ಕೆ. ‘ದಿ ಓನ್ಲಿ’ ಬಂದರೆ ಎಚ್ಚರ, ಅದರ ನಂತರದ್ದು ಎಡಕ್ಕೇ ಹೋಗುತ್ತದೆ.

ಹೆಚ್ಚು ಜನ ಎಡವುವುದು ‘ಅನ್‌ಲೆಸ್’ನಲ್ಲಿ. ಅದರ ನಂತರದ ಭಾಗವನ್ನು ಇದ್ದಂತೆಯೇ ಬಲಕ್ಕೆ ಬರೆಯಿರಿ, ಉಳಿದ ಭಾಗವನ್ನು ನಿರಾಕರಿಸಿ ಎಡಕ್ಕೆ ಬರೆಯಿರಿ. ‘ಮೇಯರ್ ಸಹಿ ಹಾಕದ ಹೊರತು ಹಣ ಬಿಡುಗಡೆಯಾಗುವುದಿಲ್ಲ’ ಎಂಬುದು ಹೀಗಾಗುತ್ತದೆ:

ಹಣ → ಸಹಿ

ಕೂಡಲೇ ಕೆಳಗೆ ಅದರ ಕಾಂಟ್ರಪಾಸಿಟಿವ್, ಅಂದರೆ ಅದೇ ಅರ್ಥದ ತಿರುವಿದ ರೂಪ, ಬರೆಯುತ್ತೇನೆ: ಸಹಿ ಇಲ್ಲ → ಹಣ ಇಲ್ಲ. ಎರಡೂ ಕಡೆಯನ್ನು ಅದಲುಬದಲು ಮಾಡಬೇಕು, ಎರಡನ್ನೂ ನಿರಾಕರಿಸಬೇಕು. ಒಂದನ್ನಷ್ಟೇ ಮಾಡಿದರೆ ‘ಸಹಿಯಾಯಿತು, ಹಾಗಾದರೆ ಹಣ ಬಂದೇ ಬರುತ್ತದೆ’ ಎಂಬಂಥ ತಪ್ಪು ಉತ್ತರಕ್ಕೆ ಸಿಕ್ಕಿಬೀಳುತ್ತೀರಿ. ಬಲಗಡೆ ‘ಸಹಿ ಮತ್ತು ಲೆಕ್ಕಪತ್ರ’ ಎಂದಿದ್ದರೆ, ನಿರಾಕರಿಸಿದಾಗ ‘ಮತ್ತು’ ಹೋಗಿ ‘ಅಥವಾ’ ಬರುತ್ತದೆ: ಎರಡರಲ್ಲಿ ಒಂದಿಲ್ಲದಿದ್ದರೂ ಹಣವಿಲ್ಲ. ಇನ್ನೊಂದು ಮಾತು, ‘ದುಬಾರಿ’ಯ ನಿರಾಕರಣೆ ‘ದುಬಾರಿಯಲ್ಲ’, ‘ಅಗ್ಗ’ ಅಲ್ಲ.

ಸಮ್, ಮೋಸ್ಟ್ ಇರುವ ವಾಕ್ಯಗಳಿಗೆ ಈ ಬಾಣ ಹಾಕಬೇಡಿ. ಅವುಗಳಿಗೆ ಕಾಂಟ್ರಪಾಸಿಟಿವ್ ಇಲ್ಲ.

ಪ್ರತಿ ಪ್ರಶ್ನೆಗೂ ಚಿತ್ರ ಬರೆಯುತ್ತ ಕೂತರೆ ಸಮಯ ಸಾಲದು. ಒಂದೇ ಪದ ಎರಡು ಷರತ್ತುಗಳಲ್ಲಿ ಬಂದಾಗ ಮಾತ್ರ ನಾನು ಪೆನ್ನು ಹಿಡಿಯುತ್ತೇನೆ, ಏಕೆಂದರೆ ಆಗ ಬಾಣಗಳನ್ನು ಸರಪಳಿಯಾಗಿ ಜೋಡಿಸಬಹುದು. ಇದು ತುಂಬ ಕೆಲಸಕ್ಕೆ ಬರುವುದು, ತೀರ್ಮಾನವನ್ನು ಪೂರ್ತಿಗೊಳಿಸುವ ಊಹೆ ಯಾವುದೆಂದು ಕೇಳುವ ಪ್ರಶ್ನೆಗಳಲ್ಲಿ. ಮೊದಲು ತೀರ್ಮಾನವನ್ನು ಬರೆಯಿರಿ: ಅ → ಇ. ಆಮೇಲೆ ಕೊಟ್ಟ ಆಧಾರ: ಅ → ಆ. ನಡುವೆ ಬೇಕಾದ ಕೊಂಡಿ ಆ → ಇ. ಆಯ್ಕೆಗಳಲ್ಲಿ ಇ → ಆ ಎಂಬ ತಿರುಗುಮುರುಗು ರೂಪವನ್ನೂ ಇಟ್ಟಿರುತ್ತಾರೆ. ಪದಗಳೆಲ್ಲ ಅವೇ ಆದ್ದರಿಂದ ಓದುವಾಗ ಸರಿಯೆನಿಸುತ್ತದೆ. ಸರಿಯುತ್ತರ ಎಷ್ಟೋ ಸಲ ಕಾಂಟ್ರಪಾಸಿಟಿವ್ ವೇಷದಲ್ಲಿರುತ್ತದೆ: ಇ ಇಲ್ಲ → ಆ ಇಲ್ಲ. ಆದ್ದರಿಂದ ಕೊಂಡಿಯ ಎರಡೂ ರೂಪಗಳನ್ನು ಬರೆದಿಟ್ಟುಕೊಂಡ ಮೇಲೆಯೇ ಆಯ್ಕೆಗಳನ್ನು ನೋಡಿ.